ಟೀವಿಯಲ್ಲಿ ಕಾಣದ ಕರಿಮಣಿ

ಹಾನಗಲ್ಲಿನ ಗೋಪಿಕಾಬಾಯಿಗೆ ಹೆದರಿಕೆ ಹೊಸದಲ್ಲ. ಇಪ್ಪತ್ತಾರಕ್ಕೇ ಗಂಡನನ್ನು ಕಳೆದುಕೊಂಡು, ಹಪ್ಪಳ ಸಂಡಿಗೆ ಮಾಡಿ ಮಾರುತ್ತ, ಒಬ್ಬಳೇ ಮಗಳನ್ನು ಬಿ.ಎ. ತನಕ ಓದಿಸಿದಾಕೆ. ಟಪಾಲಿನವ ಹೊತ್ತಲ್ಲದ ಹೊತ್ತಿಗೆ ಬಂದರೂ ಸಾಕು, ಎದೆ ಡವಡವ. ಆದರೆ ೧೯೮೬ರ ಆ ಸಂಜೆ ಮಾತ್ರ ಹೆದರಿಕೆಯನ್ನು ಮನೆಯಲ್ಲೇ ಬಿಟ್ಟು, ಒಳ್ಳೆಯ ಸೀರೆ ಉಟ್ಟು ಹೊರಟಿದ್ದಳು. ಮಗಳು ಯಮುನಾ ಬೆಂಗಳೂರಿನ ಟೀವಿಯಲ್ಲಿ ಮೊದಲ ಸಲ ವಾರ್ತೆ ಓದುವವಳಿದ್ದಳು.

ಬೀಜದ ಅಂಗಡಿಯ ಉಡಚಪ್ಪನ ಪಡಸಾಲೆಯಲ್ಲಿ ಓಣಿಗೆ ಓಣಿಯೇ ಕೂತಿತ್ತು. ಗೋಪಿಕಾಬಾಯಿಗೆ ಎಲ್ಲರಿಗಿಂತ ಮುಂದೆ ಕುರ್ಚಿ. ಕಪ್ಪು ಬಿಳುಪು ಪರದೆಯ ಮೇಲೆ ಚುಕ್ಕಿಗಳು ಕುಣಿದು ಕುಣಿದು ನಿಂತಾಗ ಯಮುನಾ ಕಂಡಳು. ದೊಡ್ಡ ಅಂಚಿನ ಸೀರೆ, ಹಣೆಯ ಮೇಲೆ ಕುಂಕುಮ. ಕೈ ಮುಗಿದು ನಮಸ್ಕಾರ ಎಂದಳು. ಮಂದಿ ಚಪ್ಪಾಳೆ ಹೊಡೆದರು. ಪಕ್ಕದ ಮನೆಯ ಮಂಜವ್ವ ಬಾಯಿ ತೆಗೆದದ್ದು ಆಗಲೇ.

"ಅಯ್ಯ, ಯಮುನವ್ವನ ಕೊಳ್ಳಾಗ ಕರಿಮಣಿ ಇಲ್ಲಲ್ರಿ ಬಾಯಾರ! ಕೈಯಾಗ ಬಳೀನೂ ಇಲ್ಲ!"

ಎಲ್ಲರೂ ಪರದೆಯತ್ತ ಬಗ್ಗಿದರು. ಯಮುನಾ ಮಾತ್ರ ಯಾವುದೋ ಅಣೆಕಟ್ಟಿನ ನೀರಿನ ಮಟ್ಟ ಓದುತ್ತಿದ್ದಳು.

"ಕುಂಕುಮ ಐತಲ್ಲಬೇ," ಎಂದ ಉಡಚಪ್ಪ.

"ಅದನ್ನ ಅಲ್ಲಿ ಬಣ್ಣಾ ಹಚ್ಚೋರು ಎಲ್ಲಾರಿಗೂ ಇಡತಾರಂತ್ರಿ."

ಟೀವಿಯ ವಿಷಯದಲ್ಲಿ ಮಂಜವ್ವನಿಗೆ ತಿಳಿಯದ್ದು ಯಾವುದೂ ಇರಲಿಲ್ಲ. ಆಕೆ ಟೀವಿ ನೋಡಿದ್ದು ಅದು ಎರಡನೇ ಸಲ.

ಗೋಪಿಕಾಬಾಯಿ ಕುರ್ಚಿ ಬಿಟ್ಟು ಎದ್ದಳು. ಅಳಿಯ ಅನಂತನಿಗೆ ಕಾಮಾಲೆ ಎಂದು ಹೋದ ತಿಂಗಳಷ್ಟೇ ಪತ್ರ ಬಂದಿತ್ತು. ಆರಾಮಾಗಿದೆ ಎಂದು ಆಮೇಲೆ ಬರೆದಿದ್ದರು, ನಿಜ. ಆದರೆ ಇಂಥ ಸುದ್ದಿಯನ್ನು ತಾಯಿಗೆ ಯಾರು ತಾನೇ ನೆಟ್ಟಗೆ ಬರೆಯುತ್ತಾರೆ? ಗಂಡ ಹೋದವಳು ಹೀಗೆ ನಗುತ್ತ ಓದುತ್ತಾಳೆಯೇ ಎಂದು ಮಂದಿ ಸಮಾಧಾನ ಹೇಳಿದರು. ಓದುತ್ತಾಳೆ, ಹೊಟ್ಟೆಪಾಡು ಎಂದರೆ ಓದುತ್ತಾಳೆ. ಹದಿಮೂರು ದಿನ ಮುಗಿದ ಮರುದಿನವೇ ಖಾನಾವಳಿಯ ಹಪ್ಪಳಕ್ಕೆ ಹಿಟ್ಟು ಕುಟ್ಟಿದ್ದ ಗೋಪಿಕಾಬಾಯಿಗೆ ಅದನ್ನು ಬೇರೆಯವರು ಹೇಳಿಕೊಡಬೇಕಿರಲಿಲ್ಲ. ತನ್ನ ಬಳೆ ಒಡೆದ ಕೈಗಳು ಯಾರವು ಎಂಬುದೂ ಆಕೆಗೆ ನೆನಪಿತ್ತು. ಆ ಕೈಗಳಿಗೆ ಆಕೆ ಇಂದಿಗೂ ಶಾಪ ಹಾಕುತ್ತಾಳೆ.

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಪೋಸ್ಟಾಫೀಸಿನ ಕಟ್ಟೆಯ ಮೇಲೆ ಕೂತಿದ್ದಳು. ಅನಂತ ಕೆಲಸ ಮಾಡುವ ಬ್ಯಾಂಕಿನ ನಂಬರು ಪತ್ರದಲ್ಲಿತ್ತು. ಅಲ್ಲಿ ಫೋನು ನೋಡಿಕೊಳ್ಳುವ ಬಂದೇಸಾಬ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿದ. ಹನ್ನೆರಡಾದರೂ ಲೈನು ಸಿಗಲಿಲ್ಲ. ಕೊನೆಗೆ ಸಿಕ್ಕಾಗ ಆ ಕಡೆ ಯಾರೋ, "ಅನಂತ ಅವರಾ? ತಡೀರಿ," ಎಂದು ರಿಸೀವರನ್ನು ಮೇಜಿನ ಮೇಲಿಟ್ಟರು. ತಡೀರಿ ಎಂದರೇನು? ಇದ್ದಾರೆ ಎಂದೋ, ಹೇಗೆ ಹೇಳಲಿ ಎಂದೋ? ಗೋಪಿಕಾಬಾಯಿ ಗೋಡೆ ಹಿಡಿದು ನಿಂತಳು.

"ಹಲೋ, ಅನಂತ ಮಾತಾಡತೇನ್ರಿ."

ಮದುವೆಯಾಗಿ ನಾಲ್ಕು ವರ್ಷವಾದರೂ ಅತ್ತೆ ಅಳಿಯನ ಜೊತೆ ಎದುರಿಗೆ ನಿಂತು ಮಾತಾಡಿರಲಿಲ್ಲ. ಹೇಳುವುದೆಲ್ಲ ಬಾಗಿಲ ಮರೆಯಿಂದ, ಅದೂ ಮಗಳ ಬಾಯಿಂದ. ಆಕೆಯ ಮನೆತನದ ರೀತಿ ಅದು. ಈಗ ರಿಸೀವರಿಗೂ ಸೆರಗು ಮರೆ ಮಾಡಿದಳು.

"ಮಾತಾಡ್ರಿ ಬಾಯಾರ, ಬರೇ ಮೂರ ನಿಮಿಷ," ಎಂದ ಬಂದೇಸಾಬ.

"ನಾನ್ರಿ... ಹಾನಗಲ್ಲಿನಿಂದ. ಯಮುನಾನ ಕೊರಳಾಗ... ಕರಿಮಣಿ..."

"ಅತ್ತಿಯವರೇನ್ರಿ?" ಅನಂತ ತಡವರಿಸಿದ. ಅರ್ಥವಾದ ಮೇಲೆ ನಕ್ಕ. "ಅಯ್ಯ, ಸೆರಗಿಗೆ ಮೈಕ್ ಸಿಗಸ್ತಾರ್ರಿ. ಮಣಿ ತಾಗಿ ಸಪ್ಪಳಾಗತದಂತ ರವಿಕಿ ಒಳಗ ಹಾಕ್ಕೊಂಡಿದ್ದಳು. ಬಳಿ ಮೇಜಿಗೆ ಬಡೀತಾವಂತ ತಗದು ನನ್ನ ಕಿಸೆದಾಗ ಇಟ್ಟಿದ್ದಳು. ಸುದ್ದಿ ಮುಗಿಯೂತನಕ ನಾನು ಬಾಗಲ ಹೊರಗ ನಿಂತಿದ್ದೆ. ಏನೂ ಆಗಿಲ್ರಿ. ಇಡ್ಲೇನ್ರಿ ಫೋನು?"

"ಬ್ಯಾಡ್ರಿ!" ಗೋಪಿಕಾಬಾಯಿ ಚೀರಿದಳು. ಕಣ್ಣೀರು ರಿಸೀವರಿನ ಮೇಲೆ ಇಳಿಯುತ್ತಿತ್ತು. "ನೀವು ಮಾತಾಡ್ರಿ. ಏನರ ಮಾತಾಡ್ರಿ. ಲೈನ್ ಕಟ್ ಆಗೂತನಕ ಮಾತಾಡಕೋತ ಇರ್ರಿ."

ಅನಂತನಿಗೆ ಅತ್ತೆಯ ಜೊತೆ ಏನು ಮಾತಾಡುವುದೋ ತೋಚಲಿಲ್ಲ. ಬೆಳಿಗ್ಗೆ ತಿಂದ ಅವಲಕ್ಕಿಯಿಂದ ಶುರು ಮಾಡಿದ.