ಇವರು ಪೈಪು ಸೇದಲು ಕಲಿತದ್ದು

ನಮ್ಮ ಮನೆಯವರು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ಟ್ರಾಗಿದ್ದವರು. ಊಟ, ಸ್ನಾನ, ಸಿಗರೇಟು ಎಲ್ಲವನ್ನೂ ಬೆಲ್ ಹೊಡೆಯುವುದರೊಳಗೆ ಮುಗಿಸಿ ಅಭ್ಯಾಸ. ಸಿಗರೇಟಂತೂ ಆಟದ ಸಾಮಾನಿನ ಕೋಣೆಯ ಹಿಂದೆ ನಿಂತು ಐದೇ ದಮ್ಮಿನಲ್ಲಿ ಖಾಲಿ. ರಿಟೈರಾದ ಮೇಲೆ ಬೆಲ್ ನಿಂತಿತು, ಅವಸರ ನಿಲ್ಲಲಿಲ್ಲ.

ಮನೆಯ ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ. ಒಂದು ದಿನ ಗಿರಾಕಿಯೊಬ್ಬರು ಮಗಳ ಮದುವೆಗೆಂದು ಹೊಲಿಸಿದ ಬ್ಲೌಸನ್ನು ಮೂಗಿಗೆ ಹಿಡಿದು, "ಅಕ್ಕ, ಇದನ್ನು ಹೊಲಿದದ್ದು ನೀವೋ, ಮಾಸ್ಟ್ರೋ?" ಎಂದು ಕೇಳಿದರು. ಸಂಜೆಗೆ ನಾನು ಸಿಗರೇಟನ್ನು ಮನೆಯಿಂದ ಹೊರಗೆ ಹಾಕಿದೆ.

"ಹಾಗಾದ್ರೆ ನಾನೂ ಹೊರಗೆ ಹೋಗುದಾ?" ಎಂದರು ಇವರು.

"ಅದು ನಿಮ್ಮ ಇಷ್ಟ" ಎಂದೆ.

ಆ ಭಾನುವಾರ ಅರಂತೋಡಿನಲ್ಲಿರುವ ಇವರ ಸೋದರಮಾವನ ಮನೆಗೆ ಹೋದೆವು. ಮಾವನಿಗೆ ಎಂಬತ್ತು ದಾಟಿದೆ. ಕೊಡಗಿನ ಕಾಫಿ ತೋಟದಲ್ಲಿ ಮ್ಯಾನೇಜರಾಗಿದ್ದಾಗ ಪೈಪು ಸೇದಿ ರೂಢಿ. ಇವರ ಗೋಳು ಕೇಳಿ ನಕ್ಕು, ಕಪಾಟಿನಿಂದ ತಮ್ಮ ಒಂದು ಪೈಪನ್ನೂ ತಂಬಾಕಿನ ಡಬ್ಬವನ್ನೂ ತೆಗೆದುಕೊಟ್ಟರು.

"ಹೊಗೆಯನ್ನು ಒಳಗೆ ಎಳೀಬೇಡ, ಬಾಯಲ್ಲಿ ಇಟ್ಟುಕೊಂಡು ಬಿಡು. ಅವಸರ ಮಾಡ್ಬೇಡ. ಇಷ್ಟೇ ಮಾರಾಯ ವಿದ್ಯೆ" ಎಂದರು.

ಮರುದಿನ ಬೆಳಿಗ್ಗೆ ಇವರು ಅಂಗಳದಲ್ಲಿ ಕುರ್ಚಿ ಹಾಕಿ ಕೂತರು. ತಲೆದಿಂಬಿಗೆ ಹತ್ತಿ ತುರುಕಿದ ಹಾಗೆ ಪೈಪಿಗೆ ತಂಬಾಕು ತುರುಕಿ ಹೆಬ್ಬೆರಳಲ್ಲಿ ಒತ್ತಿದರು. ಅರ್ಧ ಪೆಟ್ಟಿಗೆ ಬೆಂಕಿಕಡ್ಡಿ ಮುಗಿದರೂ ಹೊಗೆ ಬರಲಿಲ್ಲ. ಮೂವತ್ತು ವರ್ಷ ವಿಸಿಲ್ ಊದಿದ ಬಾಯಿ ಅದು, ಎಳೆದಾಗ ಬಾರದ್ದನ್ನು ಊದಿಯೇ ಬಿಟ್ಟಿತು. ತಂಬಾಕೂ ಕೆಂಡವೂ ಒಟ್ಟಿಗೆ ಹಾರಿದವು. ಬನಿಯನಿನಲ್ಲಿ ಕಡಲೆ ಗಾತ್ರದ ಎರಡು ತೂತು.

ಎರಡನೇ ದಿನ ಬುದ್ಧಿ ಕಲಿತು ಸಡಿಲ ತುಂಬಿಸಿದರು. ಅದು ಒಣಹುಲ್ಲಿನ ಹಾಗೆ ಧಗ್ಗನೆ ಹತ್ತಿತು, ಇವರು ಸಿಗರೇಟಿನ ಹಾಗೆ ದಮ್ಮಿನ ಮೇಲೆ ದಮ್ಮು ಎಳೆದರು. ನಾಲಿಗೆ ಸುಟ್ಟು ಎರಡು ದಿನ ಬರೀ ಮೊಸರನ್ನ. ಆಮೇಲೆ ಸೇದಿದಾಗಲೆಲ್ಲ ಪೈಪಿನೊಳಗೆ ಗುಳುಗುಳು ಶಬ್ದ, ಒಮ್ಮೆ ಕಹಿ ನೀರು ಬಾಯಿಗೇ ಬಂತು. ಕೈತೊಳೆಯುವಲ್ಲಿ ಕಾಲು ಗಂಟೆ ಉಗುಳಿ ಬಂದು, "ಪೈಪೇ ಹಾಳು. ಮಾವ ಕೆಟ್ಟದ್ದನ್ನು ನನಗೆ ದಾಟಿಸಿದ್ದಾರೆ" ಎಂದರು.

ನಂತರ ಮೊಬೈಲಿನಲ್ಲಿ ವಿಡಿಯೋ ಶುರುವಾಯಿತು. ಗಡ್ಡದ ಬಿಳಿಯನೊಬ್ಬ ಏನೋ ಹೇಳುತ್ತಾ ಪೈಪು ತುಂಬಿಸುತ್ತಿದ್ದ. "ಇವನ ಬಾಯಿ ಕಾಣ್ತದೆ, ಕೈ ಕಾಣುದಿಲ್ಲ" ಎಂದು ಇವರು ಅವನಿಗೇ ಬಯ್ಯುತ್ತಿದ್ದರು.

ನಾನು ಆಗ ಬಚ್ಚಲಿನ ಒಲೆಗೆ ಮರದ ಹುಡಿ ತುಂಬಿಸುತ್ತಿದ್ದೆ. ಹತ್ತಿರದಲ್ಲೇ ಮರದ ಮಿಲ್ಲು ಇರುವುದರಿಂದ ನಮ್ಮಲ್ಲಿ ಸ್ನಾನದ ನೀರು ಕಾಯುವುದು ಹುಡಿಯಲ್ಲಿ. ಒಲೆಯ ಡಬ್ಬದ ನಡುವೆ ಒಂದು ಕೋಲು ನಿಲ್ಲಿಸಿ, ಸುತ್ತ ಹುಡಿ ಹಾಕಿ ಒತ್ತಿ, ಕೋಲನ್ನು ಮೆಲ್ಲ ಎಳೆದು ತೆಗೆದರೆ ಗಾಳಿಗೆ ದಾರಿ ಆಯಿತು. ಹೆಚ್ಚು ಒತ್ತಿದರೆ ಬರೀ ಕಣ್ಣೀರು. ಕಡಿಮೆ ಒತ್ತಿದರೆ ನೀರು ಬೆಚ್ಚಗಾಗುವ ಮೊದಲೇ ಬೂದಿ. ಇವರ ಪೈಪಿನ ರೋಗ ನನಗೆ ಅಲ್ಲಿಂದಲೇ ತಿಳಿಯಿತು.

"ಕೊಡಿ ಇಲ್ಲಿ" ಎಂದೆ.

"ಪೈಪಿನ ವಿಷಯ ನಿನಗೆಂತ ಗೊತ್ತುಂಟು?"

"ನೀವು ದಿನಾ ಬಿಸಿನೀರಲ್ಲಿ ಮೀಯುದು ಯಾರು ತುಂಬಿಸಿದ ಒಲೆಯಿಂದ?"

ಕೊಟ್ಟರು. ಮೊದಲು ಕಾಗದದ ಮೇಲೆ ತಂಬಾಕನ್ನು ಹರಡಿ ಸ್ವಲ್ಪ ಆರಲು ಬಿಟ್ಟೆ. ಗುಳುಗುಳು ಅಂದದ್ದು ಅದರ ಪಸೆ. ತಳಕ್ಕೆ ಒಂದು ಚಿಟಿಕೆ ಸುಮ್ಮನೆ ಉದುರಿಸಿದೆ, ನಡುವಿನದ್ದಕ್ಕೆ ಬೆರಳು ತಾಗಿಸಿದೆ ಅಷ್ಟೆ, ಮೇಲಿನದ್ದನ್ನು ಮಾತ್ರ ದೊಡ್ಡ ಮೊಳೆಯ ತಲೆಯಿಂದ ಒತ್ತಿದೆ.

"ಬೆಂಕಿ ಕೊಡದೆ ಒಮ್ಮೆ ಎಳೆದು ನೋಡಿ. ಎಳನೀರಿನ ಬೊಂಡಕ್ಕೆ ಸ್ಟ್ರಾ ಹಾಕಿ ಎಳೆದ ಹಾಗೆ ಬರ್ತದಾ?"

"ಬರ್ತದೆ" ಎಂದರು, ಮನಸ್ಸಿಲ್ಲದ ಮನಸ್ಸಿನಿಂದ.

ಕಡ್ಡಿ ಗೀರಿ ಸುತ್ತಲೂ ಬೆಂಕಿ ಕೊಟ್ಟಾಗ ತಂಬಾಕು ಉಬ್ಬಿ ಮೇಲೆ ಬಂತು. ಅದನ್ನು ಮೊಳೆಯಲ್ಲಿ ಕೂರಿಸಿ ಇನ್ನೊಮ್ಮೆ ಹೊತ್ತಿಸಿದೆವು. ಇನ್ನು ಉಳಿದದ್ದು ಇವರ ಅವಸರ. ಅದಕ್ಕೂ ಒಂದು ಕ್ರಮ ಮಾಡಿದೆ. ನಾನು ಒಳಗೆ ಮೆಷಿನಿನಲ್ಲಿ ಒಂದು ಹೊಲಿಗೆ ಹಾಕಿ ನಿಲ್ಲಿಸಿದಾಗ ಇವರು ಹೊರಗೆ ಒಂದು ದಮ್ಮು ಎಳೆಯಬೇಕು. ಉದ್ದದ ಹೊಲಿಗೆ ಬಂದಾಗ ಅಂಗಳದಿಂದ "ಆಯ್ತಾ?" ಎಂದು ಕೂಗು. "ಇಲ್ಲ, ಇದು ಲಂಗ" ಎನ್ನುತ್ತಿದ್ದೆ. ಮುಕ್ಕಾಲು ಗಂಟೆ ಪೈಪು ಆರಲಿಲ್ಲ. ಬ್ಲೌಸ್ ಒಯ್ಯಲು ಬಂದವರು, "ಎಂತ ಅಗರಬತ್ತಿ ಅಕ್ಕ, ಒಳ್ಳೆ ಪರಿಮಳ" ಎಂದರು.

ಮೂರು ತಿಂಗಳಲ್ಲಿ ಇವರು ಪಂಡಿತರಾದರು. ಗುಡಿಸುವ ಹಿಡಿಸೂಡಿಯ ಕಡ್ಡಿಗೆ ಹತ್ತಿ ಸುತ್ತಿ ಕೊಳವೆ ಚೊಕ್ಕ ಮಾಡುವುದು, ಒಂದು ದಿನ ಸೇದಿದರೆ ಮರುದಿನ ಪೈಪಿಗೆ ರಜೆ ಕೊಡುವುದು, ಎಲ್ಲ ಸರಿ. ವಾಕಿಂಗಿನ ಜೊತೆಗಾರರಿಗೆ "ನಾನು ಕಂಡುಹಿಡಿದ ಕ್ರಮ" ಎಂದು ಪಾಠವೂ ನಡೆಯಿತು. ತುಂಬಿಸುವ ಕೆಲಸ ಮಾತ್ರ ನನ್ನದೇ ಆಗಿ ಉಳಿಯಿತು. ಅದು ಪಾಠದಲ್ಲಿ ಬರುತ್ತಿರಲಿಲ್ಲ.

ವಿದ್ಯೆ ತೋರಿಸಲೆಂದೇ ಇವರು ಮತ್ತೆ ನನ್ನನ್ನು ಅರಂತೋಡಿಗೆ ಕರೆದುಕೊಂಡು ಹೋದರು. ಜಗಲಿಯಲ್ಲಿ ಮಾವನ ಎದುರು ನಿಂತು, ಡ್ರಿಲ್ಲಿನ ಹಾಗೆ ಒಂದು, ಎರಡು, ಮೂರು ಎಂದು ವಿವರಿಸುತ್ತಾ ತಾವೇ ತುಂಬಿಸಿದರು. ಹೊತ್ತಿಸಿದರು. ಆರಿತು. ಮತ್ತೆ ಹೊತ್ತಿಸಿದರು. ಮತ್ತೆ ಆರಿತು. ಹಣೆಯಲ್ಲಿ ಬೆವರು. ನಾನು "ಊದ್ಬೇಡಿ" ಎನ್ನುವಷ್ಟರಲ್ಲಿ ಊದಿ ಆಗಿತ್ತು. ಮಾವನ ಮಡಿಲಲ್ಲಿದ್ದ ಪೇಪರಿನ ತುಂಬ ತಂಬಾಕು.

ಮಾವ ಪೇಪರನ್ನು ಕೊಡವಿ, "ಮನೆಯಲ್ಲಿ ಇದನ್ನು ತುಂಬಿಸುದು ಯಾರು?" ಎಂದು ಕೇಳಿದರು. ಇವರು ಅಂಗಳದ ಕಡೆ ನೋಡಿದರು. ನಾನು ನೆಲ ನೋಡಿದೆ.

ಮಾವ ಒಳಗೆ ಹೋಗಿ ತಮ್ಮ ಹಳೆಯ ಪೈಪನ್ನು ತಂದು ನನ್ನ ಕೈಗೆ ಕೊಟ್ಟರು. ಕೊಡುವಾಗ ಅವರ ಕೈ ನಡುಗುತ್ತಿದ್ದುದನ್ನು ಆಗಲೇ ನಾನು ಕಂಡದ್ದು.

"ಸರಿಯಾಗಿ ಸೇದದೆ ಒಂದು ವರ್ಷ ಆಯ್ತು ಮಗಳೇ. ತುಂಬಿಸಿದ್ದರಲ್ಲಿ ಅರ್ಧ ನೆಲಕ್ಕೆ ಹೋಗ್ತದೆ. ಸೊಸೆಯಲ್ಲಿ ಕೇಳಿದ್ರೆ ಡಾಕ್ಟ್ರಿಗೆ ಫೋನ್ ಮಾಡ್ತಾಳೆ" ಎಂದರು.

ನಾನು ತುಂಬಿಸಿಕೊಟ್ಟೆ. ಎರಡೇ ಕಡ್ಡಿಯಲ್ಲಿ ಹತ್ತಿತು. ಮಾವ ಕಣ್ಣು ಮುಚ್ಚಿ ಮೆಲ್ಲ ಒಂದೊಂದೇ ದಮ್ಮು ಎಳೆದರು. ಕೊನೆಗೆ ಕಣ್ಣು ತೆರೆದು ಇವರಿಗೆ, "ನೀನು ಕೂತ್ಕೋ ಮಾರಾಯ. ನಿನ್ನನ್ನು ನೋಡಿದ್ರೆ ಪೈಪಿಗೂ ಹೆದರಿಕೆ ಆಗ್ತದೆ" ಎಂದರು.

ಅಂದಿನಿಂದ ತಿಂಗಳಿಗೊಮ್ಮೆ ಹೋಗಿ ತುಂಬಿಸಿ ಕೊಡುತ್ತೇನೆ. ತಿಂಗಳಿಗೊಂದಕ್ಕೆ ಡಾಕ್ಟರೂ ಗೊಣಗಿಕೊಂಡು ಒಪ್ಪಿದ್ದಾರಂತೆ. ಕಳೆದ ಸಲ ಮಾವನ ಸೊಸೆಯೇ ಸೆರಗಿಗೆ ಕೈ ಒರೆಸಿಕೊಂಡು ಬಂದು ಹತ್ತಿರ ಕೂತಳು. "ಅಕ್ಕ, ನನಗೂ ತೋರಿಸಿಕೊಡಿ. ನೀವು ಬರುವ ದಿನ ಯಾವಾಗ ಅಂತ ದಿನಕ್ಕೆ ಹತ್ತು ಸಲ ಕೇಳ್ತಾರೆ, ನನಗೆ ಉತ್ತರ ಕೊಟ್ಟು ಸಾಕಾಯ್ತು" ಎಂದಳು.

ಎರಡು ಸಲ ತಪ್ಪಿತು, ಮೂರನೆಯ ಸಲಕ್ಕೆ ಸರಿಯಾಗಿ ತುಂಬಿಸಿದಳು. ಇಷ್ಟು ತಿಂಗಳಾದರೂ ಒಬ್ಬರಿಗೆ ಬಾರದ್ದು ಇವಳಿಗೆ ಹತ್ತು ನಿಮಿಷದಲ್ಲಿ ಬಂತು ಎಂಬ ಮಾತನ್ನು ನಾನು ಆಡಲಿಲ್ಲ. ಮಾವ ಆಡಿದರು.