ಎರಡನೆಯ ಕೈ

"ಅಮ್ಮಾ, ಒನೆಲಿಯೋ ಮಾಮ ಕಂಪ್ಯೂಟರನ್ನೂ ತಟ್ಟಿ ಮಲಗಿಸ್ತಾರಾ?" ಎಂದು ಮಗಳು ಕೇಳಿದಾಗ ಯುದೆಲ್ಕಿಸ್ ನಕ್ಕಳು. ಸಿಯೆನ್‌ಫ್ಯೂಗೋಸ್ ಊರಿನ ಹವಾಮಾನ ಕೇಂದ್ರದಲ್ಲಿ ಚಂಡಮಾರುತದ ದಾರಿ ಲೆಕ್ಕಹಾಕುವ ಸರ್ವರ್ ಕಂಪ್ಯೂಟರುಗಳನ್ನು ಸಾಕುವವನು ಪಕ್ಕದ ಮನೆಯ ಒನೆಲಿಯೋ. ಕರೆಂಟು ಹೋಗುವ ಸುಳಿವು ಸಿಕ್ಕರೆ ಸಾಕು, ಒಂದೊಂದನ್ನೇ ಹೆಸರು ಹಿಡಿದು ಕರೆದು ಆರಿಸುತ್ತಾನೆ. ಕರೆಂಟು ಬಂದರೆ ಮಾಹಿತಿ ಕಾಯುವ ಯಂತ್ರವನ್ನು ಮೊದಲು ಎಬ್ಬಿಸಿ, ಅದು ಸರಿಯಾಗಿ ಉಸಿರಾಡಿದ ಮೇಲೆಯೇ ಉಳಿದವನ್ನು ಮುಟ್ಟುತ್ತಾನೆ. "ಏನಯ್ಯಾ, ನಿನ್ನ ಸಂಸಾರ ಎದ್ದಿತಾ?" ಎಂದು ಬೀದಿಯವರು ಕೆಣಕಿದರೆ, "ಎದ್ದು ಕಾಫಿ ಕೇಳ್ತಿದೆ ಕಣ್ರೋ" ಎನ್ನುತ್ತಾನೆ. ಇಂದು ಚಂಡಮಾರುತ ಊರಿನತ್ತ ತಿರುಗಿದೆ. ಅವನು ಕೇಂದ್ರದಲ್ಲೇ ಉಳಿಯಬೇಕು. ಅವನ ಮುದಿ ತಾಯಿಯೋ ಮಗನ ಕೈಯಿಂದಲ್ಲದೆ ಉಣ್ಣುವವಳಲ್ಲ. ಮಲಾಂಗಾ ಗಡ್ಡೆಯ ಗಂಜಿ ಹಿಡಿದು ಯುದೆಲ್ಕಿಸ್‌ಳ ಬಾಗಿಲಿಗೆ ಬಂದ. "ನಾನಿಲ್ಲದಾಗ ಅಮ್ಮನಿಗೆ ನೀನೇ ಉಣಿಸ್ಬೇಕು, ತಂಗೀ. ಆದ್ರೆ ಪರೀಕ್ಷೆ ಮಾಡದ ಬದಲಿ ಏರ್ಪಾಡನ್ನ ನಾನು ನಂಬೋನಲ್ಲ. ನಾನು ಹೊರಡೋ ಮುಂಚೆ, ನಮ್ಮನೆಗೆ ಬಂದು ನನ್ನೆದುರಿಗೇ ಅವಳಿಗೆ ಒಂದು ಚಮಚ ಉಣಿಸಿ ನೋಡ್ತೀಯಾ?"