ಸುಘರಿಯ ಮೌನದ ಹರಕೆ

ಗಂಡಕ್ ನದಿಯ ದಂಡೆಯ ಆ ಊರಿನಲ್ಲಿ ಸುಘರಿಯಿಂದ ಬೈಸಿಕೊಳ್ಳದೆ ಯಾವ ಬೀಗನೂ ಊಟ ಮುಗಿಸಿದ್ದಿಲ್ಲ. ಮದುವೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಹಾಡು ಕಟ್ಟಿ ಬೈಯಬೇಕು, ಬೈಯದಿದ್ದರೇ ಅವಮಾನ. ಸುಘರಿ ಹಾಡು ಎತ್ತಿದರೆ ಬೀಗರ ಮೂರು ತಲೆಮಾರಿನ ಮಾನ ಹರಾಜು. ಅವಳ ಮಡಿಲಲ್ಲಿ ಕೂತ ಮೊಮ್ಮಗಳು ಚಂಪಿಯಾ ಎಲ್ಲರಿಗಿಂತ ಮೊದಲು ನಗುತ್ತಿದ್ದಳು.

ಚಂಪಿಯಾಗೆ ಐದು ತುಂಬಿದ ಶ್ರಾವಣದಲ್ಲಿ ಮಿದುಳು ಜ್ವರ ಬಂತು. ಗದ್ದೆಯಲ್ಲಿ ನೀರು ನಿಂತರೆ ಸಾಕು, ಆ ಹಾಳು ಜ್ವರ ಮಕ್ಕಳನ್ನೇ ಹುಡುಕಿಕೊಂಡು ಬರುತ್ತದೆ. ಸೊಳ್ಳೆ ತಂದ ವೈರಸ್ ಎಂದರು ಗೋರಖಪುರದ ಡಾಕ್ಟರು. ಆಸ್ಪತ್ರೆಯ ನೆಲದ ಮೇಲೆ ಕೂತ ಸುಘರಿ ಊರಿನ ಬೇವಿನ ಮರದಲ್ಲಿ ನೆಲೆಸಿದ ಮಾತೆಗೆ ತನ್ನ ಬಾಯನ್ನೇ ಒಪ್ಪಿಸಿದಳು: ಮಗು ಉಳಿದು 'ಆಜಿ' ಎಂದು ಅಜ್ಜಿಯನ್ನು ಕೂಗುವವರೆಗೆ ಮಾತಿಲ್ಲ, ಹಾಡಿಲ್ಲ.

ಹದಿನೆಂಟನೇ ದಿನ ಮಗು ಕಣ್ಣು ಬಿಟ್ಟಿತು. ಬಲಗೈ ಸೆಟೆದಿತ್ತು, ಕತ್ತು ನಿಲ್ಲುತ್ತಿರಲಿಲ್ಲ, ಮಾತು ಹೋಗಿತ್ತು. ಸುಘರಿ ಹರಕೆಯನ್ನು ಇನ್ನಷ್ಟು ಬಿಗಿ ಹಿಡಿದಳು. ಎಂಟು ತಿಂಗಳು ಸಾಸಿವೆ ಎಣ್ಣೆ ತಿಕ್ಕಿದಳು, ಗಂಜಿ ಕುಡಿಸಿದಳು, ತುಟಿ ಮಾತ್ರ ಪಿಟಕ್ಕೆನ್ನಲಿಲ್ಲ. ಎಂಥ ತಪಸ್ಸು ಎಂದು ಊರವರು ಹೊಗಳಿದರು. ಹೊಗಳುವವರ ಗಂಟೇನು ಹೋಗುತ್ತದೆ?

ಮಗುವಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ನಿಕಹತ್, ಹಗಲೆಲ್ಲ ಇವಳ ಜೊತೆ ಯಾರು ಮಾತಾಡುತ್ತಾರೆಂದು ಒಂದು ದಿನ ಕೇಳಿದಳು. ತಾನು ಗದ್ದೆಗೆ ಹೋಗುತ್ತೇನೆ, ಮನೆಯಲ್ಲಿ ಅತ್ತೆ ಇರುತ್ತಾರೆ, ಅವರದು ಮೌನ ಎಂದಳು ಮಗುವಿನ ತಾಯಿ, ಸುಘರಿಯ ಸೊಸೆ ಸುನೈನಾ.

ನಿಕಹತ್ ಸುಘರಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಆಜಿ, ಇವಳಿಗೆ ಕಿವಿ ಕೇಳ್ಸುತ್ತೆ. ಅರ್ಥಾನೂ ಆಗುತ್ತೆ. ನೀವೇ ಬಾಯಿ ಮುಚ್ಕೊಂಡ್ರೆ ಇವಳು ಯಾರನ್ನ ನೋಡಿ ಬಾಯಿ ಬಿಡ್ಬೇಕು?"

ಹರಕೆ ಮುರಿದರೆ ಉಳಿಸಿದ ಮಾತೆಯೇ ಮಗುವನ್ನು ಒಯ್ದಾಳು. ಮುರಿಯದಿದ್ದರೆ ಮಗು ಹೀಗೇ ಉಳಿದೀತು. ಸುಘರಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮಧ್ಯಾಹ್ನವೆಲ್ಲ ಬೇವಿನ ಬುಡದಲ್ಲಿ ಕೂತು ಅತ್ತಳು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಮರದತ್ತ ತಿರುಗಿದಳು.

"ಸಿಟ್ಟಿದ್ರೆ ನನ್ ಮೇಲೆ ತೀರಿಸ್ಕೊ, ತಾಯಿ. ಇವಳ ತಂಟೆಗೆ ಬರ್ಬೇಡ."

ಚಂಪಿಯಾಳನ್ನು ಮಡಿಲಿಗೆಳೆದುಕೊಂಡು, ತುಕ್ಕು ಹಿಡಿದ ದನಿಯಲ್ಲಿ ಎತ್ತಿದಳು:

"ಬೀಗನ ಮೀಸೇಲಿ ಇಲಿ ಹಡೆದೈತೆ, ಸೂಲಗಿತ್ತೀನ ಕರೆಸಿರೋ..."

ಮಗುವಿನ ತುಟಿಯ ಎಡತುದಿ ಮೆಲ್ಲಗೆ ಮೇಲೆದ್ದಿತು. ಸದ್ದಿಲ್ಲದ ಅರ್ಧ ನಗು, ಜೊತೆಗೆ ಜೊಲ್ಲು. ಎಂಟು ತಿಂಗಳು ಈ ನಗುವನ್ನು ತಾನೇ ತನ್ನ ಬಾಯೊಳಗೆ ಕೂಡಿಹಾಕಿದ್ದೆನೆಂದು ಸುಘರಿಗೆ ಆಗ ತಿಳಿಯಿತು; ಅಳುತ್ತಲೇ ಎರಡನೆಯ ಸಾಲು ಹಾಡಿದಳು.

'ಆಜಿ' ಎಂಬ ಮಾತು ಚಂಪಿಯಾಳ ಬಾಯಿಂದ ಇಂದಿಗೂ ಬಂದಿಲ್ಲ. ಸುಘರಿ ದಿನಾ ಸಂಜೆ ಅವಳಿಗಾಗಿ ಹಾಡಿನಲ್ಲಿ ಯಾರಾದರೊಬ್ಬ ಬೀಗನ ಮಾನ ಕಳೆಯುತ್ತಾಳೆ.